ಕುಟುಂಬ ಸಮೇತ ಕರಾವಳಿ ದೋಣಿ ವಿಹಾರ: ಹವಾಮಾನ ಪ್ರತಿಕೂಲವಾದಾಗ ಅನುಸರಿಸಬೇಕಾದ ಕ್ರಮಗಳು

ಮೈಸೂರು ನಗರದ ನಜರ್‌ಬಾದ್, ಇಟ್ಟಿಗೆಗೂಡು ಹಾಗೂ ಸುತ್ತಲಿನ ಬಡಾವಣೆಗಳಿಂದ ಬೇಸಿಗೆ, ದಸರಾ ಮತ್ತು ವರ್ಷಾಂತ್ಯದ ರಜೆಗಳಲ್ಲಿ ಅನೇಕ ಕುಟುಂಬಗಳು ಕರಾವಳಿ ಪ್ರವಾಸ ಕೈಗೊಳ್ಳುವುದು ರೂಢಿಯಲ್ಲಿದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ, ಮುರುಡೇಶ್ವರದಿಂದ ನೇತ್ರಾಣಿ, ಗೋಕರ್ಣದ ಓಂ ಕಡಲತೀರದ ಸುತ್ತಮುತ್ತ, ಕಾರವಾರದಲ್ಲಿ ದೇವಬಾಗ ಹಾಗೂ ಕೂರ್ಮಗಡ, ಹೀಗೆ ಪ್ರವಾಸದ ಒಂದು ದಿನವನ್ನು ಸಮುದ್ರದ ಮೇಲಿನ ದೋಣಿ ವಿಹಾರಕ್ಕೆ ಮೀಸಲಿಡುವವರು ಹೆಚ್ಚು. ಇಂತಹ ವಿಹಾರಕ್ಕಾಗಿ ದೋಣಿ ಕಾಯ್ದಿರಿಸಲು ಉದ್ದೇಶಿಸಿರುವ ನಾಗರಿಕರಿಗೆ ಹವಾಮಾನದ ಬಗ್ಗೆ ಅಗತ್ಯ ತಿಳಿವಳಿಕೆ ನೀಡುವುದು ಈ ಲೇಖನದ ಉದ್ದೇಶವಾಗಿದೆ.

ಆರಂಭದಲ್ಲಿಯೇ ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಸೂಕ್ತ. ಸಮುದ್ರದಲ್ಲಿ ಹವಾಮಾನ ಕೆಟ್ಟಾಗ ಏನು ಮಾಡಬೇಕೆಂಬುದನ್ನು ಮುಂದೆ ವಿವರಿಸಲಾಗಿದೆಯಾದರೂ, ಪ್ರಯಾಣಿಕರ ಕೈಯಲ್ಲಿರುವ ನಿರ್ಧಾರಗಳ ಪೈಕಿ ಹೆಚ್ಚಿನವು ದೋಣಿ ಏರುವ ಮೊದಲೇ ಮುಗಿದುಹೋಗಿರುತ್ತವೆ. ಕೆಟ್ಟ ಹವಾಮಾನ ಮುನ್ಸೂಚನೆಯಿಲ್ಲದೆ ಬರುವುದು ಇಂದಿನ ದಿನಗಳಲ್ಲಿ ಅಪರೂಪ. ಸೂಚನೆ ಇದ್ದಾಗ್ಯೂ ಕುಟುಂಬವನ್ನು ದೋಣಿಯತ್ತ ತಳ್ಳುವುದು ಬಹುಮಟ್ಟಿಗೆ ಪ್ರವಾಸದ ವೇಳಾಪಟ್ಟಿ: ಮುಂಗಡ ಪಾವತಿಸಿದ ಹಣ, ಸಂಜೆಯ ಬಸ್ಸಿಗೆ ಕಾಯ್ದಿರಿಸಿದ ಆಸನ, ಮರುದಿನ ತೆರೆಯುವ ಶಾಲೆ, "ಇಷ್ಟು ದೂರ ಬಂದು ನೋಡದೆ ಹೋಗುವುದೇ?" ಎಂಬ ಹಿರಿಯರ ಮಾತು.

ಮೈಸೂರಿನ ಆಕಾಶ, ಕರಾವಳಿಯ ಸಮುದ್ರ

ಮೈಸೂರು ನಗರವು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಪಶ್ಚಿಮ ಘಟ್ಟಗಳ ಮಳೆ ನೆರಳಿನ ಪ್ರದೇಶದಲ್ಲಿದೆ. ಇಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಬೀಳುತ್ತದೆ. ಅದರ ಜೋರು ಕಾಣುವುದು ಮುಖ್ಯವಾಗಿ ಮೇ ತಿಂಗಳಲ್ಲಿ ಹಾಗೂ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ. ಕರಾವಳಿಯಲ್ಲಿ ವಾರ್ಷಿಕ ಮಳೆ 3,500 ಮಿ.ಮೀ.ಗೂ ಅಧಿಕ, ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಜುಲೈ ತಿಂಗಳ ಮೈಸೂರಿನಲ್ಲಿ ತಂಪು ಗಾಳಿ, ತುಂತುರು ಮಳೆ, ವಿಹಾರಕ್ಕೆ ಹಿತವಾದ ಹವೆ ಇರುವ ದಿನವೇ ಮಲ್ಪೆಯ ಹೊರಗೆ ಮೂರು ಮೀಟರಿಗೂ ಮಿಗಿಲಾದ ಅಲೆಗಳು ಏಳುತ್ತಿರಬಹುದು. ಆದುದರಿಂದ ನಜರ್‌ಬಾದಿನ ಮನೆಯಂಗಳದಲ್ಲಿ ನಿಂತು ನೋಡಿದ ಆಕಾಶವು ಸಮುದ್ರ ಪ್ರಯಾಣಕ್ಕೆ ಆಧಾರವಾಗಲಾರದು.

ಇನ್ನೊಂದು ಅಂಶವೂ ಇದೆ. ನಜರ್‌ಬಾದಿಗೆ ಸಮೀಪದ ಕಾರಂಜಿ ಕೆರೆಯಲ್ಲಿ ಮಕ್ಕಳೊಂದಿಗೆ ದೋಣಿ ವಿಹಾರ ಮಾಡಿದ ಅನುಭವ ಇಲ್ಲಿನ ಬಹುತೇಕ ಕುಟುಂಬಗಳಿಗೆ ಇರುತ್ತದೆ. ಕೆರೆಯ ನೀರಿನಲ್ಲಿ ಗಾಳಿ ನಿಂತರೆ ಅಲೆಯೂ ನಿಲ್ಲುತ್ತದೆ. ಯಾವ ದಿಕ್ಕಿಗೆ ಹೋದರೂ ಸ್ವಲ್ಪ ಹೊತ್ತಿನಲ್ಲಿ ದಡ ಸಿಗುತ್ತದೆ. ಸಮುದ್ರದಲ್ಲಿ ಈ ಎರಡೂ ಅನ್ವಯಿಸುವುದಿಲ್ಲ. ಗಾಳಿಯೇ ಇಲ್ಲದ, ಬಿಸಿಲು ಹೊಳೆಯುವ ದಿನದಲ್ಲಿಯೂ ಸಾವಿರಾರು ಕಿ.ಮೀ. ದೂರದ ದಕ್ಷಿಣ ಮಹಾಸಾಗರದ ಬಿರುಗಾಳಿಯಿಂದ ಹುಟ್ಟಿದ ದೀರ್ಘ ಅಲೆಗಳು ನಮ್ಮ ಕರಾವಳಿಯನ್ನು ತಲುಪುತ್ತವೆ. ಆಳ ಸಮುದ್ರದಲ್ಲಿ ಅವು ಕಣ್ಣಿಗೆ ಕಾಣದಷ್ಟು ಮೃದುವಾಗಿದ್ದು, ನೀರಿನ ಆಳ ಕಡಿಮೆಯಾದ ಕಡೆ ತಲೆಯೆತ್ತಿ ಒಡೆಯುತ್ತವೆ. ಕೇರಳದ ಮೀನುಗಾರರು ಇಂತಹ ಅಲೆಗಳನ್ನು 'ಕಳ್ಳಕ್ಕಡಲ್', ಅಂದರೆ ಕಳ್ಳನಂತೆ ಬರುವ ಕಡಲು, ಎಂದು ಕರೆಯುತ್ತಾರೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಈ ಹೆಸರನ್ನೇ ತನ್ನ ಎಚ್ಚರಿಕೆಗಳಲ್ಲಿಯೂ ಬಳಸುತ್ತದೆ.

ಯಾವ ತಿಂಗಳಲ್ಲಿ ಯಾವ ಅಪಾಯ

ಮುಂಗಾರಿನ ಅವಧಿಯಲ್ಲಿ ಕರಾವಳಿಯಲ್ಲಿ ವಿಹಾರ ದೋಣಿಗಳ ಸಂಚಾರವನ್ನು ನಿಲ್ಲಿಸಲಾಗುತ್ತದೆ. ಸೇಂಟ್ ಮೇರೀಸ್ ದ್ವೀಪಕ್ಕೆ ಸಾಮಾನ್ಯವಾಗಿ ಮೇ ತಿಂಗಳ ಮಧ್ಯಭಾಗದಿಂದ ಸೆಪ್ಟೆಂಬರ್ ಮಧ್ಯಭಾಗದವರೆಗೆ ದೋಣಿ ಇರುವುದಿಲ್ಲ. ಯಾಂತ್ರೀಕೃತ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ ಜಾರಿಯಲ್ಲಿರುತ್ತದೆ. ಈ ನಿಷೇಧದ ಮುಖ್ಯ ಉದ್ದೇಶ ಮೀನಿನ ಸಂತಾನೋತ್ಪತ್ತಿಗೆ ಅವಕಾಶ ನೀಡುವುದಾದರೂ, ಕಡಲನ್ನು ಬಲ್ಲವರು ಆ ದಿನಗಳಲ್ಲಿ ದಡದಲ್ಲಿರುವುದು ಆದೇಶಗಳಿಗಿಂತ ಬಹಳ ಹಳೆಯ ಪದ್ಧತಿ. ಯಂತ್ರಗಳಿಲ್ಲದ ಕಾಲದಲ್ಲಿ ಹಾಯಿ ಕಟ್ಟಿದ ಮಂಜಿ, ಮಚುವೆಗಳು ಮಳೆಗಾಲ ಪೂರ್ತಿ ನದಿಗಳ ಒಳಗೆ ಆಶ್ರಯ ಪಡೆಯುತ್ತಿದ್ದವು. ನೂಲ ಹುಣ್ಣಿಮೆಯಂದು ಸಮುದ್ರಪೂಜೆ ನೆರವೇರಿಸಿ ಹಾಲು, ತೆಂಗಿನಕಾಯಿ ಅರ್ಪಿಸಿದ ನಂತರ ಕಡಲಿಗಿಳಿಯುವ ಸಂಪ್ರದಾಯ ಇಂದಿಗೂ ಮೀನುಗಾರ ಸಮುದಾಯದಲ್ಲಿದೆ. ನಿಷೇಧಿತ ಅವಧಿಯಲ್ಲಿ ಯಾರಾದರೂ ಹೆಚ್ಚಿನ ಹಣಕ್ಕೆ ದೋಣಿ ಒದಗಿಸುವುದಾಗಿ ತಿಳಿಸಿದಲ್ಲಿ ಅದನ್ನು ನಿರಾಕರಿಸತಕ್ಕದ್ದು.

ದೋಣಿಗಳು ಸಂಚರಿಸುವ ತಿಂಗಳುಗಳೂ ಒಂದೇ ತೆರನಾಗಿರುವುದಿಲ್ಲ. ಏಪ್ರಿಲ್ ಹಾಗೂ ಮೇ ತಿಂಗಳ ಮೊದಲ ಭಾಗದಲ್ಲಿ ಮಧ್ಯಾಹ್ನದ ನಂತರ ಘಟ್ಟದ ಮೇಲೆ ಮೋಡ ಕಟ್ಟಿ, ಸಂಜೆಯ ವೇಳೆಗೆ ಗುಡುಗು ಮಳೆಯಾಗಿ ಪಶ್ಚಿಮಕ್ಕೆ ಸರಿಯುವುದುಂಟು. ಈ ಮೋಡದ ಮುಂದೆ ಬೀಸುವ ಗಾಳಿ ಪೂರ್ವದಿಂದ, ಅಂದರೆ ಭೂಮಿಯ ಕಡೆಯಿಂದ ಬರುತ್ತದೆ. ದಡದ ಹತ್ತಿರ ಅಲೆ ಕಡಿಮೆ ಕಾಣುವುದರಿಂದ ಅಪಾಯ ಅರಿವಿಗೆ ಬರುವುದಿಲ್ಲ. ಆದರೆ ಯಂತ್ರ ಕೆಟ್ಟ ದೋಣಿಯನ್ನು ಅದು ಹೊರ ಸಮುದ್ರದತ್ತ ಒಯ್ಯುತ್ತದೆ. ದೋಣಿಯಲ್ಲಿರುವವರು ಪಶ್ಚಿಮದ ಸೂರ್ಯಾಸ್ತವನ್ನು ನೋಡುತ್ತಿರುವಾಗ ಮಳೆ ಬೆನ್ನ ಹಿಂದಿನಿಂದ ಬರುತ್ತದೆಂಬುದನ್ನು ನೆನಪಿಡುವುದು ಒಳಿತು.

ದಸರಾ ರಜೆಯ ಅಕ್ಟೋಬರ್ ತಿಂಗಳಲ್ಲಿ ಹಿಂಗಾರಿನ ಗುಡುಗು ಮಳೆಯ ಜೊತೆಗೆ ಅರಬ್ಬೀ ಸಮುದ್ರದ ಚಂಡಮಾರುತಗಳ ಎರಡನೆಯ ಋತುವೂ ಆರಂಭವಾಗುತ್ತದೆ. ಮೊದಲನೆಯದು ಮುಂಗಾರಿಗೆ ಹೊಂದಿಕೊಂಡ ಮೇ–ಜೂನ್. 2019ರ ಅಕ್ಟೋಬರ್ ಕೊನೆಯಲ್ಲಿ ಉಂಟಾದ 'ಕ್ಯಾರ್' ಚಂಡಮಾರುತವು ಕರ್ನಾಟಕದ ನೆಲವನ್ನು ತಾಗದಿದ್ದರೂ ಕರಾವಳಿಯ ಸಮುದ್ರವನ್ನು ದಿನಗಟ್ಟಲೆ ಪ್ರಕ್ಷುಬ್ಧಗೊಳಿಸಿತ್ತು. 2021ರ ಮೇ ತಿಂಗಳ 'ತೌಕ್ತೆ' ಚಂಡಮಾರುತವು ದಡ ದಾಟಿದ್ದು ದೂರದ ಗುಜರಾತಿನಲ್ಲಿ. ಆದರೆ ಮೇ 15ರಂದು ಅದು ನಮ್ಮ ಕರಾವಳಿಯ ಎದುರಿನ ಸಮುದ್ರದಲ್ಲಿದ್ದಾಗ ಮೂಲ್ಕಿಯ ಹೊರಗೆ 'ಕೋರಮಂಡಲ್ ಸಪೋರ್ಟರ್-9' ಎಂಬ ಟಗ್ ನೌಕೆ ಬಂಡೆಗಳ ನಡುವೆ ಸಿಲುಕಿತು. ಅದರಲ್ಲಿದ್ದ 9 ಮಂದಿ ಸಿಬ್ಬಂದಿಯನ್ನು ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ರಕ್ಷಿಸಿದ್ದು ಮೇ 17ರಂದು. ದಡಕ್ಕೆ ಕಾಣುವಷ್ಟು ಹತ್ತಿರವಿದ್ದ, ತರಬೇತಿ ಪಡೆದ ಸಿಬ್ಬಂದಿಯಿದ್ದ ನೌಕೆಯನ್ನು ತಲುಪಲು ಎರಡು ದಿನ ಬೇಕಾಯಿತು.

ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಸಾಮಾನ್ಯವಾಗಿ ಶಾಂತ. ಈ ದಿನಗಳಲ್ಲಿ ಗಮನಿಸಬೇಕಾದದ್ದು ದಿನದ ವೇಳೆ. ಬೆಳಗಿನ ಹೊತ್ತು ಭೂಮಿಯ ಕಡೆಯಿಂದ ಹಗುರವಾದ ಗಾಳಿ ಇದ್ದು ಸಮುದ್ರ ನಯವಾಗಿರುತ್ತದೆ. ನೆಲ ಕಾದಂತೆ, ಮಧ್ಯಾಹ್ನದ ಸುಮಾರಿಗೆ, ಪಶ್ಚಿಮ ಅಥವಾ ವಾಯವ್ಯದಿಂದ ಕಡಲ ಗಾಳಿ ಆರಂಭವಾಗಿ ಇಳಿಹೊತ್ತಿಗೆ ಜೋರಾಗುತ್ತದೆ. ಬೆಳಿಗ್ಗೆ 9 ಗಂಟೆಗೆ ಹೋದ ಅದೇ ದಾರಿ ಮಧ್ಯಾಹ್ನ 3 ಗಂಟೆಗೆ ಬೇರೆಯೇ ಆಗಿರುತ್ತದೆ. ಮಕ್ಕಳು ಮತ್ತು ವೃದ್ಧರಿರುವ ಕುಟುಂಬಗಳು ಬೆಳಗಿನ ಮೊದಲ ದೋಣಿಯಲ್ಲಿ ತೆರಳಿ ಮಧ್ಯಾಹ್ನದೊಳಗೆ ಹಿಂತಿರುಗುವುದು ಸೂಕ್ತ.

ಕೂರ್ಮಗಡದ ದುರಂತ, 2019

ಕಾರವಾರದ ಬಳಿ ಕಾಳಿ ನದಿಯ ಅಳಿವೆಯ ಹೊರಗಿರುವ ಕೂರ್ಮಗಡ ದ್ವೀಪದಲ್ಲಿ ಪ್ರತಿ ವರ್ಷ ಪುಷ್ಯ ಮಾಸದ ಹುಣ್ಣಿಮೆಯಂದು ನರಸಿಂಹ ದೇವರ ಜಾತ್ರೆ ನಡೆಯುತ್ತದೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಭಕ್ತರನ್ನು ದಡಕ್ಕೆ ಕರೆತರುತ್ತಿದ್ದ ದೋಣಿ ಮಗುಚಿ 16 ಮಂದಿ ಮೃತಪಟ್ಟರು. ಮೃತರಲ್ಲಿ ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರು, ಮಕ್ಕಳೂ ಸೇರಿದಂತೆ, ಇದ್ದರು. ಹಾವೇರಿಯೂ ಮೈಸೂರಿನಂತೆಯೇ ಒಳನಾಡು.

ಈ ಘಟನೆಯನ್ನು ಇಲ್ಲಿ ಉಲ್ಲೇಖಿಸಲು ಕಾರಣವಿದೆ. ಅಂದು ಚಂಡಮಾರುತವಿರಲಿಲ್ಲ. ಜನವರಿ ತಿಂಗಳು ವರ್ಷದ ಅತ್ಯಂತ ಶಾಂತ ಕಾಲಗಳಲ್ಲಿ ಒಂದು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು, ಜೀವರಕ್ಷಕ ಕವಚಗಳನ್ನು ಧರಿಸಿರಲಿಲ್ಲ ಎಂಬುದು ಆ ಸಮಯದಲ್ಲಿ ವ್ಯಾಪಕವಾಗಿ ವರದಿಯಾಯಿತು. ಹಗುರವಾಗಿ ತೇಲುವ ದೋಣಿಗೆ ಅಷ್ಟೇನೂ ದೊಡ್ಡದಲ್ಲದ ಅಲೆ, ಅಂಚಿನವರೆಗೆ ತುಂಬಿದ ದೋಣಿಗೆ ಮಾರಕವಾಗುತ್ತದೆ. ಸಮುದ್ರದಲ್ಲಿ 'ಕೆಟ್ಟ ಹವಾಮಾನ' ಎಂಬುದು ಗಾಳಿಯ ವೇಗವೊಂದರಿಂದ ನಿರ್ಣಯವಾಗುವ ವಿಷಯವಲ್ಲ. ಅದು ಆ ದಿನದ ಅಲೆಗೂ ಆ ದೋಣಿ ಹೊತ್ತಿರುವ ಭಾರಕ್ಕೂ ಇರುವ ಸಂಬಂಧ.

ಅಳಿವೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿ, ನೇತ್ರಾವತಿ–ಗುರುಪುರ, ಹೀಗೆ ನಮ್ಮ ಕರಾವಳಿಯಲ್ಲಿ ನದಿ ಸಮುದ್ರ ಸೇರುವ ಕಡೆಗಳಲ್ಲಿ ನೀರಿನಡಿ ಮರಳಿನ ದಿಬ್ಬಗಳಿರುತ್ತವೆ. ಇಳಿತದ ಸಮಯದಲ್ಲಿ ನದಿಯ ನೀರು ರಭಸದಿಂದ ಹೊರಗೆ ಹರಿಯುವಾಗ ಎದುರಿನಿಂದ ಬರುವ ಸಮುದ್ರದ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ಒಡೆಯುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ ಉಬ್ಬರವಿಳಿತ ಅತಿ ಹೆಚ್ಚಿರುವುದರಿಂದ ಈ ಪರಿಣಾಮವೂ ತೀವ್ರ. ಉಬ್ಬರದ ಸಮಯದಲ್ಲಿ ಅಳಿವೆ ದಾಟುವುದು ಸುರಕ್ಷಿತ. ಇದಕ್ಕಾಗಿ ದೋಣಿಯವರು ಅರ್ಧ ಅಥವಾ ಒಂದು ಗಂಟೆ ಕಾಯಬೇಕೆಂದು ತಿಳಿಸಿದಲ್ಲಿ ಪ್ರಯಾಣಿಕರು ಬಸ್ಸಿನ ಸಮಯ ಹೇಳಿ ಒತ್ತಾಯಿಸಬಾರದು. ಇಂತಹ ಒತ್ತಾಯಗಳು ದಂಡೆಯಲ್ಲಿ ನಿತ್ಯವೂ ಕೇಳಿಬರುತ್ತವೆ.

ಮುನ್ಸೂಚನೆಯನ್ನು ಪಡೆಯುವ ಮತ್ತು ಅರ್ಥೈಸುವ ವಿಧಾನ

ಭಾರತ ಹವಾಮಾನ ಇಲಾಖೆಯು ಜಿಲ್ಲೆಗಳಿಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಎಚ್ಚರಿಕೆ ನೀಡುವುದು ಎಲ್ಲರಿಗೂ ಪರಿಚಿತ. ಆದರೆ ದೂರದರ್ಶನದಲ್ಲಿ ಹಾಗೂ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವ ಈ ಬಣ್ಣಗಳು ಬಹುಪಾಲು ನೆಲದ ಮೇಲಿನ ಮಳೆಗೆ ಸಂಬಂಧಿಸಿದವು. ಉಡುಪಿ ಜಿಲ್ಲೆಗೆ ಹಸಿರು ಬಣ್ಣವಿದ್ದ ದಿನವೂ ಸಮುದ್ರ ಒರಟಾಗಿರಬಹುದು. ದೋಣಿ ವಿಹಾರಕ್ಕೆ ಹೊರಡುವವರು ನೋಡಬೇಕಾದದ್ದು ಇಲಾಖೆಯು ಪ್ರತ್ಯೇಕವಾಗಿ ಪ್ರಕಟಿಸುವ ಮೀನುಗಾರರ ಎಚ್ಚರಿಕೆ ಹಾಗೂ ಸಾಗರ ಮಾಹಿತಿ ಸೇವಾ ಕೇಂದ್ರವು ಪ್ರಕಟಿಸುವ ಅಲೆಗಳ ಮುನ್ಸೂಚನೆ. 'ಕರ್ನಾಟಕ ಕರಾವಳಿಯುದ್ದಕ್ಕೂ ಗಂಟೆಗೆ 40ರಿಂದ 50 ಕಿ.ಮೀ. ವೇಗದ ಬಿರುಸುಗಾಳಿ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು' ಎಂಬ ಒಕ್ಕಣೆ ಇದ್ದಲ್ಲಿ ಅದು ವಿಹಾರಾರ್ಥಿಗಳಿಗೂ ಅನ್ವಯಿಸುತ್ತದೆಂದು ತಿಳಿಯತಕ್ಕದ್ದು. ಹುಟ್ಟಿನಿಂದ ಕಡಲಲ್ಲಿ ದುಡಿದವರಿಗೆ ಬೇಡವೆಂದ ದಿನ ಪ್ರವಾಸಿಗೆ ಹೇಗೆ ಸರಿಯಾದೀತು?

ಮುನ್ಸೂಚನೆಯ ಅಂಕಿಗಳನ್ನು ಓದುವಾಗ ಎರಡು ಸಂಗತಿಗಳು ತಿಳಿದಿರಬೇಕು. ಒಂದು, ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ, 20 ಕಿ.ಮೀ. ಗಾಳಿಗೂ 40 ಕಿ.ಮೀ. ಗಾಳಿಗೂ ಇರುವ ಅಂತರ ಅಂಕಿಯಲ್ಲಿ ಕಾಣುವುದಕ್ಕಿಂತ ಬಹಳ ದೊಡ್ಡದು. ಎರಡು, ಪ್ರಕಟಣೆಯಲ್ಲಿ ನೀಡುವ ಅಲೆಯ ಎತ್ತರವು ಗರಿಷ್ಠ ಎತ್ತರವಲ್ಲ. ಎಲ್ಲ ಅಲೆಗಳ ಪೈಕಿ ಎತ್ತರವಾದ ಮೂರನೇ ಒಂದು ಭಾಗದ ಸರಾಸರಿ ಅದು. ಒಂದೂವರೆ ಮೀಟರ್ ಎಂದು ತಿಳಿಸಿದ ದಿನ ಆಗಾಗ್ಗೆ ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರದ ಅಲೆಯೊಂದು ಬರುವುದು ಸಹಜವೇ ಹೊರತು ಮುನ್ಸೂಚನೆಯ ತಪ್ಪಲ್ಲ.

ಬಂದರುಗಳಲ್ಲಿ ಸಂಖ್ಯೆಗಳ ಮೂಲಕ ಎಚ್ಚರಿಕೆ ಸಂಕೇತ ಏರಿಸುವ ಪದ್ಧತಿ ಇದೆ. 3ನೇ ಸಂಕೇತವು ಬಂದರಿಗೆ ಬಿರುಸುಗಾಳಿಯ ಬೆದರಿಕೆ ಇದೆಯೆಂದೂ, 4ನೇ ಸಂಕೇತವು ಚಂಡಮಾರುತದ ಬೆದರಿಕೆ ಇದ್ದು ತೀವ್ರ ಕ್ರಮಗಳ ಹಂತ ಇನ್ನೂ ಬಂದಿಲ್ಲವೆಂದೂ ಸೂಚಿಸುತ್ತದೆ. 5 ಮತ್ತು ಅದಕ್ಕೂ ಮೇಲಿನವು ಅಪಾಯ ಹಾಗೂ ಮಹಾ ಅಪಾಯದ ಸಂಕೇತಗಳು. ಹಡಗುಗಳಿಗಾಗಿ ರೂಪಿಸಿದ ಈ ಕ್ರಮದಲ್ಲಿ 3 ಎಂಬುದು ಕೆಳಗಿನ ಹಂತವೆಂದು ತೋರಬಹುದಾದರೂ ಕುಟುಂಬವಿರುವ ವಿಹಾರ ದೋಣಿಗೆ ಅದೇ ಸಾಕಷ್ಟು ಕಾರಣ. ಸಿಡಿಲಿನ ಮಾಹಿತಿಗಾಗಿ 'ದಾಮಿನಿ' ಮತ್ತು ರಾಜ್ಯದ 'ಸಿಡಿಲು', ಸಾಮಾನ್ಯ ಮುನ್ಸೂಚನೆಗಾಗಿ 'ಮೌಸಮ್' ಮೊಬೈಲ್ ತಂತ್ರಾಂಶಗಳು ಉಪಯುಕ್ತ. ಹಿಂದಿನ ರಾತ್ರಿ ಒಮ್ಮೆ ಹಾಗೂ ಹೊರಡುವ ಬೆಳಿಗ್ಗೆ ಮತ್ತೊಮ್ಮೆ ಪರಿಶೀಲಿಸುವುದು ಅವಶ್ಯಕ.

ದೋಣಿ ಕಾಯ್ದಿರಿಸುವಾಗ

ಸಮುದ್ರ ವಿಹಾರವನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು. ಮೈಸೂರಿನಿಂದ ಮಡಿಕೇರಿ, ಸಂಪಾಜೆ ಮಾರ್ಗವಾಗಿ ಕರಾವಳಿ ತಲುಪುವವರು ಮೊದಲ ಅಥವಾ ಎರಡನೆಯ ಬೆಳಿಗ್ಗೆಯೇ ದೋಣಿಗೆ ಅವಕಾಶ ಕಲ್ಪಿಸಿ, ಅಂದು ಸಾಧ್ಯವಾಗದಿದ್ದಲ್ಲಿ ಮರುದಿನಕ್ಕೆ ಮುಂದೂಡುವಂತೆ ದೇವಸ್ಥಾನ, ವಸ್ತುಸಂಗ್ರಹಾಲಯ ಮುಂತಾದ ನೆಲದ ಮೇಲಿನ ಕಾರ್ಯಕ್ರಮಗಳನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು. ಮರಳುವ ಬಸ್ಸು ಅಥವಾ ರೈಲನ್ನು ದೋಣಿ ವಿಹಾರದ ದಿನವೇ ಕಾಯ್ದಿರಿಸದಿರುವುದು ಲೇಸು. ಖರ್ಚಿಲ್ಲದೆ ದೊರೆಯುವ ಸುರಕ್ಷತಾ ಕ್ರಮಗಳಲ್ಲಿ ಇದಕ್ಕಿಂತ ಪರಿಣಾಮಕಾರಿಯಾದದ್ದು ಇನ್ನೊಂದಿಲ್ಲ.

ಮುಂಗಡ ನೀಡುವ ಮೊದಲು ದೋಣಿಯ ನೋಂದಣಿ, ಅನುಮತಿಸಿದ ಪ್ರಯಾಣಿಕರ ಸಂಖ್ಯೆ, ನಡೆಸುವವರ ಪರವಾನಗಿ ಹಾಗೂ ವಿಮೆಯ ಬಗ್ಗೆ ವಿಚಾರಿಸತಕ್ಕದ್ದು. ಹವಾಮಾನದ ಕಾರಣ ದೋಣಿ ಹೊರಡದಿದ್ದಲ್ಲಿ ಅಥವಾ ನಡುದಾರಿಯಿಂದ ಹಿಂತಿರುಗಿದಲ್ಲಿ ಹಣ ಮರುಪಾವತಿ ಆಗುವುದೇ ಎಂಬುದನ್ನು ಲಿಖಿತವಾಗಿ ಪಡೆಯುವುದು ಉತ್ತಮ. ಮರುಪಾವತಿ ಇಲ್ಲವೆಂದಾದರೆ ಆ ಹಣ ಹೋಯಿತೆಂದೇ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಳ್ಳಬೇಕು. ಇಲ್ಲದಿದ್ದಲ್ಲಿ ದಂಡೆಯಲ್ಲಿ ನಿಂತಾಗ ಆ ಮೊತ್ತವೇ ತೀರ್ಮಾನ ಕೈಗೊಳ್ಳುತ್ತದೆ. ರಾಜ್ಯದ ಕಿರು ಬಂದರುಗಳ ಆಡಳಿತ ಕರ್ನಾಟಕ ಜಲಸಾರಿಗೆ ಮಂಡಳಿಯದಾಗಿದ್ದು, ಆಯಾ ಬಂದರು ಕಚೇರಿಯಲ್ಲಿ ದೋಣಿಗಳ ಬಗ್ಗೆ ವಿಚಾರಿಸಬಹುದಾಗಿದೆ.

ಜೀವರಕ್ಷಕ ಕವಚ, ಅಂದರೆ ಲೈಫ್ ಜಾಕೆಟ್, ದೋಣಿಯಲ್ಲಿ ಇದ್ದರೆ ಸಾಲದು; ಪ್ರತಿಯೊಬ್ಬರ ಮೈಮೇಲೆ ಇರಬೇಕು. ಸೆಕೆಯ ಕಾರಣ ನೀಡಿ ಅದನ್ನು ಆಸನದಂತೆ ಕೆಳಗೆ ಹಾಕಿಕೊಂಡು ಕೂರುವುದು ಸಾಮಾನ್ಯ ದೃಶ್ಯ. ಮಗುಚಿದ ದೋಣಿಯ ನೀರಿನಲ್ಲಿ ಅದನ್ನು ಹುಡುಕಿ, ಪಟ್ಟಿ ಬಿಗಿದು ಧರಿಸುವುದು ಈಜು ಬಲ್ಲವರಿಗೂ ಕಷ್ಟಸಾಧ್ಯ. ಮಕ್ಕಳಿಗೆ ಅವರ ತೂಕಕ್ಕೆ ತಕ್ಕ ಅಳತೆಯದೇ ಬೇಕು. ಪರೀಕ್ಷಿಸುವ ವಿಧಾನ ಸುಲಭ: ಕವಚ ತೊಡಿಸಿ, ಎರಡೂ ಭುಜಗಳ ಮೇಲೆ ಅದನ್ನು ಹಿಡಿದು ಮೇಲಕ್ಕೆ ಎತ್ತಿದಾಗ ಅದು ಮಗುವಿನ ಕಿವಿಯವರೆಗೆ ಜಾರಿ ಬಂದರೆ ಆ ಕವಚ ನಿರುಪಯುಕ್ತ. ತೊಡೆಗಳ ನಡುವಿನಿಂದ ಹಾಯುವ ಪಟ್ಟಿ ಇರುವುದನ್ನೇ ಕೇಳಿ ಪಡೆಯಬೇಕು. ಮಕ್ಕಳ ಅಳತೆಯವು ಇಲ್ಲವೆಂದಾದಲ್ಲಿ ಆ ದೋಣಿಯನ್ನು ಬಿಡತಕ್ಕದ್ದು. ಸೀರೆ, ದುಪ್ಪಟ್ಟಾ ಧರಿಸಿದವರು ಸೆರಗನ್ನು ಕವಚದ ಒಳಗೆ ಸಿಕ್ಕಿಸಿಕೊಂಡು, ತುಂಡುಗಳು ಯಂತ್ರಕ್ಕಾಗಲಿ ಹಗ್ಗಕ್ಕಾಗಲಿ ಸಿಲುಕದಂತೆ ನೋಡಿಕೊಳ್ಳಬೇಕು.

ಹೊರಡುವ ಮುನ್ನ ಪ್ರಯಾಣಿಸುವವರ ಹೆಸರು, ದೋಣಿಯ ಸಂಖ್ಯೆ ಹಾಗೂ ಹಿಂತಿರುಗುವ ನಿರೀಕ್ಷಿತ ಸಮಯವನ್ನು ದಡದಲ್ಲಿರುವ ಒಬ್ಬರಿಗೆ ತಿಳಿಸಿರಬೇಕು. ತಂಗಿರುವ ವಸತಿಗೃಹದವರಾದರೂ ಆದೀತು, ಮೈಸೂರಿನ ಮನೆಯಲ್ಲಿರುವ ಬಂಧುಗಳಾದರೂ ಆದೀತು.

ಸಮುದ್ರದಲ್ಲಿರುವಾಗ ಹವಾಮಾನ ಕೆಟ್ಟಲ್ಲಿ

ಗಾಳಿಯ ದಿಕ್ಕು ಹಠಾತ್ತನೆ ಬದಲಾಗುವುದು, ಬಿಸಿ ಗಾಳಿ ತಣ್ಣಗಾಗುವುದು, ಅಲೆಗಳ ತಲೆಯ ಮೇಲೆ ಬಿಳಿ ನೊರೆ ಹೆಚ್ಚುವುದು, ಮೀನುಗಾರರ ದೋಣಿಗಳು ಒಂದರ ಹಿಂದೆ ಒಂದು ದಡದತ್ತ ತಿರುಗುವುದು, ಇವು ಹಿಂತಿರುಗುವ ಸೂಚನೆಗಳು. ಕೊನೆಯದು ಎಲ್ಲಕ್ಕಿಂತ ನಂಬಲರ್ಹ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿದ ಪ್ರತಿ ಮೂರು ಸೆಕೆಂಡುಗಳಿಗೆ ಸಿಡಿಲು ಸುಮಾರು ಒಂದು ಕಿ.ಮೀ. ದೂರದಲ್ಲಿದೆ ಎಂದರ್ಥ. ಮೂವತ್ತು ಸೆಕೆಂಡಿಗೆ ಕಡಿಮೆಯಾದರೆ ಅದು ಅಪಾಯದ ವ್ಯಾಪ್ತಿಯಲ್ಲಿದೆ. ತೆರೆದ ಸಮುದ್ರದಲ್ಲಿ ದೋಣಿಯೇ ಅತಿ ಎತ್ತರದ ವಸ್ತುವಾದುದರಿಂದ ಎಲ್ಲರೂ ಕೆಳಗೆ ಕುಳಿತು, ಕಂಬ ಹಾಗೂ ಲೋಹದ ಸರಳುಗಳಿಂದ ದೂರವಿದ್ದು, ಕೈಗಳನ್ನು ನೀರಿಗೆ ಇಳಿಬಿಡದಿರಬೇಕು.

ಪ್ರಯಾಣಿಕರ ಮುಖ್ಯ ಕರ್ತವ್ಯ ಸ್ಥಳ ಬಿಟ್ಟು ಏಳದಿರುವುದು. ದೋಣಿ ಓಲಾಡಿದಾಗ ಭಯದಿಂದ ಎದ್ದು ನಿಲ್ಲುವುದು ಮನುಷ್ಯ ಸಹಜವಾದರೂ, ನಿಂತ ಪ್ರತಿಯೊಬ್ಬರೂ ದೋಣಿಯ ಭಾರದ ಕೇಂದ್ರವನ್ನು ಮೇಲಕ್ಕೆ ಏರಿಸುತ್ತಾರೆ. ಡಾಲ್ಫಿನ್ ಕಂಡಿತೆಂದು ಅಥವಾ ಛಾಯಾಚಿತ್ರಕ್ಕಾಗಿ ಎಲ್ಲರೂ ಒಂದೇ ಬದಿಗೆ ಸರಿಯುವುದಂತೂ ಶಾಂತ ಸಮುದ್ರದಲ್ಲಿಯೂ ಸಲ್ಲದು. ಮಕ್ಕಳನ್ನು ಆಸನದ ಮೇಲಲ್ಲ, ತಳದಲ್ಲಿ, ಹಿರಿಯರ ಕಾಲುಗಳ ನಡುವೆ ಕೂರಿಸಿಕೊಳ್ಳಬೇಕು. ಮಗುವನ್ನು ತಮ್ಮ ಮೈಗೆ ಬಟ್ಟೆಯಿಂದ ಕಟ್ಟಿಕೊಳ್ಳಬಾರದು. ದೋಣಿ ಮಗುಚಿದಲ್ಲಿ ಅದು ಇಬ್ಬರಿಗೂ ಕಂಟಕ.

ಒಳಗೆ ಬಂದ ನೀರನ್ನು ಕೂಡಲೇ ತೋಡಿ ಹೊರಹಾಕಬೇಕು. ಆರು ಮೀಟರ್ ಉದ್ದ, ಎರಡು ಮೀಟರ್ ಅಗಲದ ದೋಣಿಯ ತಳದಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ಅದರ ತೂಕ ಸುಮಾರು 1,200 ಕಿಲೋಗ್ರಾಂ, ಅಂದರೆ ಇಪ್ಪತ್ತು ಮಂದಿ ಹೆಚ್ಚುವರಿಯಾಗಿ ಹತ್ತಿದಂತೆ. ಅಲ್ಲದೆ ಜನರಾದರೆ ಕುಳಿತಲ್ಲೇ ಇರುತ್ತಾರೆ. ನೀರು ದೋಣಿ ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ಬಕೆಟ್, ಅನ್ನದ ಡಬ್ಬಿ, ಏನು ಸಿಕ್ಕಿದರೂ ಬಳಸಬಹುದು. ಕೈಗೆ ಕೆಲಸವಿದ್ದಾಗ ಗಾಬರಿಯೂ ಕಡಿಮೆಯಾಗುತ್ತದೆ.

ಚುಕ್ಕಾಣಿ ಹಿಡಿದವರು ವೇಗ ತಗ್ಗಿಸಿ ದೋಣಿಯ ಮುಂತುದಿಯನ್ನು ಅಲೆಗೆ ಓರೆಯಾಗಿ ಎದುರಾಗಿಸುತ್ತಾರೆ. ಅಲೆಗೆ ಬದಿಯೊಡ್ಡಿದ ದೋಣಿ ಮಗುಚುವ ಸಾಧ್ಯತೆ ಹೆಚ್ಚು. ಇದರಿಂದ ದೋಣಿ ಕೆಲಕಾಲ ದಡದಿಂದ ದೂರ ಸಾಗುತ್ತಿರುವಂತೆ ಕಾಣಬಹುದು. ಆಗ "ನೇರವಾಗಿ ದಡಕ್ಕೆ ನಡೆಸಿ" ಎಂದು ಕೂಗಾಡುವುದರಿಂದ ಪ್ರಯೋಜನವಿಲ್ಲ. ಅಲೆ ಒಡೆಯುತ್ತಿರುವ ಅಳಿವೆಯನ್ನು ದಾಟುವುದಕ್ಕಿಂತ ಹೊರಗೆ ಆಳವಿರುವಲ್ಲಿ ಕಾಯುವುದು, ಇಲ್ಲವೇ ಹತ್ತಿರದ ಬೇರೆ ಬಂದರಿಗೆ ಹೋಗುವುದು ಎಷ್ಟೋ ಬಾರಿ ಸುರಕ್ಷಿತ. ಸಾಮಾನು, ವಾಹನ ಎಲ್ಲವೂ ಮಲ್ಪೆಯಲ್ಲಿದ್ದು ಕುಟುಂಬ ಹಂಗಾರಕಟ್ಟೆಯಲ್ಲಿ ಇಳಿಯಬೇಕಾಗಿ ಬಂದರೂ ಆಗುವ ನಷ್ಟ ಒಂದು ಬಾಡಿಗೆ ಕಾರಿನದು ಮಾತ್ರ. ಯಂತ್ರ ನಿಂತಲ್ಲಿ ಆಳ ಕಡಿಮೆಯಿದ್ದರೆ ಲಂಗರು ಹಾಕಬೇಕು. ಆಳವಿದ್ದರೆ ಹಗ್ಗಕ್ಕೆ ಬಕೆಟ್ ಕಟ್ಟಿ ಮುಂತುದಿಯಿಂದ ಇಳಿಬಿಟ್ಟಲ್ಲಿ ದೋಣಿ ಅಲೆಗೆ ಎದುರಾಗಿ ನಿಲ್ಲಲು ಅದು ನೆರವಾಗುತ್ತದೆ. ಹಾಯಿದೋಣಿಗಳಲ್ಲಿ ವಿಹರಿಸುವವರು ನಮ್ಮಲ್ಲಿ ವಿರಳ. ಅಂತಹವರು ಗಾಳಿ ಜೋರಾದ ಮೇಲಲ್ಲ, ಜೋರಾಗಬಹುದೆಂಬ ಯೋಚನೆ ಬಂದ ಕೂಡಲೇ ಹಾಯಿಯನ್ನು ಕಿರಿದುಗೊಳಿಸುವುದು ವಾಡಿಕೆ.

ದ್ವೀಪದಲ್ಲಿರುವಾಗಲೇ ಹವಾಮಾನ ಕೆಟ್ಟಲ್ಲಿ ಅಲ್ಲಿಯೇ ಉಳಿಯುವುದು ಮೇಲು. ಸೇಂಟ್ ಮೇರೀಸ್ ದ್ವೀಪ ಮಲ್ಪೆಯಿಂದ ಆರು ಕಿ.ಮೀ. ಮಾತ್ರ ದೂರದಲ್ಲಿದೆ. ಮಳೆಯಲ್ಲಿ ನೆನೆದು ಎರಡು ಗಂಟೆ ಕಾಯುವುದು ಬೇಸರದ ಸಂಗತಿಯಾದರೂ ನೆಲದ ಮೇಲಿನ ಬೇಸರ. ಕಂಬದಾಕಾರದ ಶಿಲೆಗಳ ಮೇಲೆ ಅಲೆ ಅಪ್ಪಳಿಸುವುದನ್ನು ನೋಡಲು ಅಂಚಿಗೆ ಹೋಗಬಾರದು. ಕಟ್ಟಕಡೆಯ ದೋಣಿಗೆ ಜನ ಮುಗಿಬಿದ್ದಾಗ ಅದರಲ್ಲಿ ಸ್ಥಳ ಗಿಟ್ಟಿಸುವ ಪೈಪೋಟಿಗೆ ಇಳಿಯದೆ, ಮತ್ತೊಂದು ದೋಣಿ ಕಳುಹಿಸುವಂತೆ ದಡಕ್ಕೆ ಕರೆ ಮಾಡಬೇಕು. ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಇಳಿಯಬೇಕಾದ ಕಡೆ ಎರಡೂ ದೋಣಿಗಳ ನಡುವೆ ಕೈಕಾಲು ಇಡದೆ, ಅಲೆಯ ಏರಿಕೆಯಲ್ಲಿ ಎರಡೂ ಸಮನಾದಾಗ, ಒಬ್ಬೊಬ್ಬರಾಗಿ ದಾಟಬೇಕು.

ಸಮುದ್ರ ಪೀಡೆಯಿಂದ ವಾಂತಿಯಾಗುವ ಅಭ್ಯಾಸವಿರುವವರು ವೈದ್ಯರ ಸಲಹೆಯಂತೆ ಮಾತ್ರೆಯನ್ನು ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ದೂರದ ದಿಗಂತವನ್ನು ನೋಡುತ್ತಿರುವುದು ನೆರವಾಗುತ್ತದೆ. ವಾಂತಿಗಾಗಿ ದೋಣಿಯ ಅಂಚಿನಾಚೆ ಬಾಗುವುದು ಅಪಾಯಕರವಾದುದರಿಂದ ಚೀಲ ಜೊತೆಗಿರಲಿ.

ದೋಣಿ ಮಗುಚಿದಲ್ಲಿ ಹಾಗೂ ತುರ್ತು ಕರೆಗಳು

ಮಗುಚಿದ ದೋಣಿ ಬಹುತೇಕ ತೇಲುತ್ತಲೇ ಇರುತ್ತದೆ ಮತ್ತು ಒಂಟಿ ತಲೆಗಿಂತ ಅದು ರಕ್ಷಣಾ ತಂಡಕ್ಕೆ ಬೇಗ ಕಾಣುತ್ತದೆ. ಆದ್ದರಿಂದ ದೋಣಿಯನ್ನು ಬಿಟ್ಟು ದಡಕ್ಕೆ ಈಜಲು ಯತ್ನಿಸಬಾರದು. ದಡ ಯಾವಾಗಲೂ ಇರುವುದಕ್ಕಿಂತ ಹತ್ತಿರವಾಗಿ ಕಾಣುತ್ತದೆ. ಕುಟುಂಬದವರು ಒಬ್ಬರ ತೋಳಿಗೆ ಒಬ್ಬರು ತೋಳು ಸೇರಿಸಿ, ಮಕ್ಕಳನ್ನು ನಡುವೆ ಇಟ್ಟುಕೊಂಡು ಒಟ್ಟಾಗಿರಬೇಕು. ನಮ್ಮ ಸಮುದ್ರದ ನೀರು ಬೆಚ್ಚಗಿರುವುದರಿಂದ ಕವಚ ಧರಿಸಿದವರು ನೆರವಿಗಾಗಿ ಗಂಟೆಗಟ್ಟಲೆ ಕಾಯಲು ಸಾಧ್ಯ.

ಭಾರತೀಯ ಕರಾವಳಿ ರಕ್ಷಣಾ ಪಡೆಯ ಶುಲ್ಕರಹಿತ ಸಂಖ್ಯೆ 1554. ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093. ಎಲ್ಲ ತುರ್ತು ಸೇವೆಗಳಿಗೆ 112 ಹಾಗೂ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077. ರೇಡಿಯೋ ಇರುವ ದೋಣಿಗಳು ವಿಎಚ್‌ಎಫ್ 16ನೇ ವಾಹಿನಿಯಲ್ಲಿ ಕರೆ ನೀಡಬಹುದು. ಕರೆ ಮಾಡಿದವರು ಮೊದಲು ತಾವಿರುವ ಸ್ಥಳವನ್ನು, ನಂತರ ದೋಣಿಯಲ್ಲಿರುವ ಒಟ್ಟು ಜನ ಹಾಗೂ ಮಕ್ಕಳ ಸಂಖ್ಯೆಯನ್ನು, ಆಮೇಲೆ ಏನಾಗಿದೆ ಎಂಬುದನ್ನು ತಿಳಿಸಬೇಕು. ಸಂಪರ್ಕ ಕಡಿದುಹೋದರೂ ಮೊದಲ ಮಾತು ತಲುಪಿರುತ್ತದೆ. ಮೊಬೈಲ್ ದೂರವಾಣಿಯನ್ನು ನೀರು ನುಗ್ಗದ ಚೀಲದಲ್ಲಿರಿಸಿ ಕುತ್ತಿಗೆಗೆ ಹಾಕಿಕೊಂಡಿರುವುದು ಉಪಯುಕ್ತ. ಸಂಕೇತ ದೊರೆಯದ ಕಡೆ ಕವಚದೊಂದಿಗಿರುವ ಸೀಟಿಯನ್ನು ಊದುವುದು, ಎರಡೂ ಕೈಗಳನ್ನು ಬದಿಗೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸುವುದು ಅಪಾಯದ ಮಾನ್ಯ ಸಂಕೇತಗಳು.

ಬೇರೆ ಬಂದರಿನಲ್ಲಿ ಇಳಿದವರು ಅಥವಾ ತಡವಾಗಿ ದಡ ಸೇರಿದವರು, ಪ್ರಯಾಣದ ವಿವರ ನೀಡಿದ್ದವರಿಗೆ ಕೂಡಲೇ ವಿಷಯ ತಿಳಿಸತಕ್ಕದ್ದು. ಮೊದಲೇ ತುರ್ತು ಕರೆ ಮಾಡಿದ್ದಲ್ಲಿ, ಎಲ್ಲರೂ ಕ್ಷೇಮವಾಗಿ ಇಳಿದ ನಂತರ ಅದೇ ಸಂಖ್ಯೆಗೆ ಮತ್ತೊಮ್ಮೆ ಕರೆ ಮಾಡಿ ಹುಡುಕಾಟದ ಅಗತ್ಯವಿಲ್ಲವೆಂದು ತಿಳಿಸಬೇಕಾಗಿ ಕೋರಲಾಗಿದೆ. ಅದೇ ಸಂಜೆ ಅದೇ ಸಮುದ್ರದಲ್ಲಿ ಇನ್ನೊಂದು ದೋಣಿ ಆ ರಕ್ಷಣಾ ತಂಡಕ್ಕಾಗಿ ಕಾಯುತ್ತಿರಬಹುದು.